ಪ್ಯಾಥೋಜನ್ ಬಾಕ್ಸ್: ಪುಕ್ಕಟೆ ಸಿಗುವ 400 ಸಂಯುಕ್ತಗಳು ನಿಮ್ಮ ಅಸ್ಸೇಯ ಬಗ್ಗೆ ಏನು ಹೇಳುತ್ತವೆ

ಜಿನೀವಾದ ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್, ಅಂದರೆ ಎಂಎಂವಿ, 2015ರ ಕೊನೆಯಲ್ಲಿ ಹೊರತಂದ ಪ್ಯಾಥೋಜನ್ ಬಾಕ್ಸ್, ಅಂದರೆ ರೋಗಾಣುಗಳ ಮೇಲೆ ಹಾಕಿ ನೋಡಲು ಹಂಚುವ ಸಂಯುಕ್ತಗಳ ಪೆಟ್ಟಿಗೆ, ನೋಡಲು ಅಂಥ ಆಕರ್ಷಕ ಸಾಮಾನೇನಲ್ಲ. ಐದು 96-ವೆಲ್ ಪ್ಲೇಟ್ (96 ಪುಟ್ಟ ಗುಳಿಗಳಿರುವ ತಟ್ಟೆ), ಪ್ರತಿ ಪ್ಲೇಟಿನಲ್ಲಿ 80 ಸಂಯುಕ್ತ, ಪ್ರತಿ ವೆಲ್‌ನಲ್ಲಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ 10 ಮಿಲಿಮೋಲಾರ್ ದ್ರಾವಣ ಬರೀ 10 ಮೈಕ್ರೋಲೀಟರ್. ಸಂಯುಕ್ತಗಳಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಬದಲಿಗೆ ಸ್ಕ್ರೀನಿಂಗ್, ಅಂದರೆ ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸಿದ ಫಲಿತಾಂಶವನ್ನು ಎರಡು ವರ್ಷದೊಳಗೆ ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು ಎಂಬ ಷರತ್ತು ಹಾಕುತ್ತಾರೆ.

ತರಿಸಿಕೊಳ್ಳಬಹುದೇ ಎಂದು ಕೇಳಿದರೆ, ದಾಸ್ತಾನು ಇದ್ದರೆ ಧಾರಾಳವಾಗಿ ತರಿಸಿಕೊಳ್ಳಿ. ಆದರೆ ಹೊಸ ಔಷಧ ಕೈಗೆ ಸಿಕ್ಕೀತು ಎಂಬ ಆಸೆಯಿಂದ ಬೇಡ. ಈ ಪೆಟ್ಟಿಗೆಯಿಂದ ನಿಜವಾಗಿ ಸಿಗುವ ಲಾಭ, ನಿಮ್ಮ ಅಸ್ಸೇಯನ್ನು (ಸಂಯುಕ್ತ ಕೆಲಸ ಮಾಡುತ್ತದೆಯೇ ಎಂದು ಅಳೆಯುವ ಪ್ರಯೋಗವನ್ನು) ನಂಬಬಹುದೇ ಇಲ್ಲವೇ ಎಂಬುದು ಒಂದೆರಡು ವಾರದಲ್ಲಿ ಗೊತ್ತಾಗುವುದು. ಲಕ್ಷಗಟ್ಟಲೆ ಸಂಯುಕ್ತಗಳ ದೊಡ್ಡ ಲೈಬ್ರರಿಗೆ ಹಣ ಸುರಿಯುವ ಮೊದಲು ಅದು ಗೊತ್ತಾಗಲೇಬೇಕು.

ಮೊದಲು ಒಳಗೇನಿದೆ ನೋಡೋಣ. ಇದಕ್ಕೂ ಮುಂಚೆ 2011ರಲ್ಲಿ ಇದೇ ಸಂಸ್ಥೆ ಮಲೇರಿಯಾ ಬಾಕ್ಸ್ ಎಂಬ 400 ಸಂಯುಕ್ತಗಳ ಪೆಟ್ಟಿಗೆ ಕೊಟ್ಟಿತ್ತು. ಅದರ ಬೇರು ದೊಡ್ಡ ಕಂಪನಿಗಳ ಸ್ಕ್ರೀನಿಂಗ್‌ನಲ್ಲಿದೆ. ಸ್ಪೇನಿನ ಟ್ರೆಸ್ ಕಾಂತೋಸ್‌ನಲ್ಲಿ ಔಷಧ ಕಂಪನಿ ಜಿಎಸ್‌ಕೆ ಸುಮಾರು 20 ಲಕ್ಷ ಸಂಯುಕ್ತಗಳನ್ನು ಮಲೇರಿಯಾ ಪರಾವಲಂಬಿಯ ಮೇಲೆ ಹಾಕಿ ನೋಡಿ, ಅದನ್ನು ತಡೆಯುವ 13,533 ಸಂಯುಕ್ತಗಳ ರಚನೆಯನ್ನು 2010ರಲ್ಲಿ ಬಹಿರಂಗ ಮಾಡಿತು. ನೊವಾರ್ಟಿಸ್ ಮತ್ತು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ತಂಡಗಳೂ ತಮ್ಮ ಪಟ್ಟಿ ಬಿಟ್ಟುಕೊಟ್ಟವು. ಹೀಗೆ ಸೋಸಿ ಬಂದ ಮಾಲಿನಿಂದ ಮಲೇರಿಯಾ ಬಾಕ್ಸ್ ಕಟ್ಟಿದರು. ಅದನ್ನು ಪಡೆದ ಪ್ರಯೋಗಾಲಯಗಳು ನಡೆಸಿದ 236 ಸ್ಕ್ರೀನಿಂಗ್‌ಗಳ ಒಟ್ಟು ಲೆಕ್ಕ 2016ರಲ್ಲಿ ಪ್ರಕಟವಾಯಿತು. ಪ್ಯಾಥೋಜನ್ ಬಾಕ್ಸ್ ಅದೇ ಯೋಜನೆಯ ಮುಂದಿನ ಹೆಜ್ಜೆ. ಖರ್ಚು ಹೊತ್ತದ್ದು ಗೇಟ್ಸ್ ಫೌಂಡೇಶನ್. ಇದರಲ್ಲಿ ಮಲೇರಿಯಾಕ್ಕೆ 125, ಕ್ಷಯಕ್ಕೆ 116, ಕಾಳಾ ಆಜಾರ್, ಚಾಗಾಸ್ ಮತ್ತು ನಿದ್ರಾರೋಗ ತರುವ ಕೈನೆಟೋಪ್ಲಾಸ್ಟಿಡ್ ಎಂಬ ಏಕಕೋಶ ಪರಾವಲಂಬಿಗಳಿಗೆ 70 ಸಂಯುಕ್ತಗಳಿವೆ. ಉಳಿದವು ಜಂತು, ಟಾಕ್ಸೋಪ್ಲಾಸ್ಮಾ, ಕ್ರಿಪ್ಟೋಸ್ಪೊರಿಡಿಯಂ ಮೊದಲಾದವುಗಳಿಗೆ ಹಂಚಿಹೋಗಿವೆ. ಇವುಗಳ ನಡುವೆ ಈಗಾಗಲೇ ಬಳಕೆಯಲ್ಲಿರುವ ಅಥವಾ ಚೆನ್ನಾಗಿ ಅಧ್ಯಯನವಾಗಿರುವ 26 ರೆಫರೆನ್ಸ್ ಸಂಯುಕ್ತಗಳಿವೆ. ಪೆಟ್ಟಿಗೆಯ ಅಸಲಿ ಬೆಲೆ ಇರುವುದೇ ಈ 26ರಲ್ಲಿ. ಅದಕ್ಕೆ ಆಮೇಲೆ ಬರೋಣ, ಯಾಕೆಂದರೆ ಪ್ಲೇಟು ಕೈಗೆ ಬಂದ ಮೊದಲ ಒಂದು ಗಂಟೆಯಲ್ಲೇ ಅದನ್ನು ಹಾಳು ಮಾಡುವ ದಾರಿಗಳು ಬಹಳ ಇವೆ.

ಡಿಎಂಎಸ್‌ಒ 18.5 ಡಿಗ್ರಿ ಸೆಲ್ಸಿಯಸ್‌ನಲ್ಲೇ ಗಟ್ಟಿಯಾಗುತ್ತದೆ. ಎಸಿಯನ್ನು 18ಕ್ಕೆ ಇಟ್ಟ ಕೋಣೆಯಲ್ಲಿ ಪ್ಲೇಟನ್ನು ಎಷ್ಟು ಹೊತ್ತು ಇಟ್ಟರೂ ಅದು ಪೂರ್ತಿ ಕರಗುವುದಿಲ್ಲ. ಮೇಲೆ ದ್ರವದಂತೆ ಕಂಡರೂ ತಳದಲ್ಲಿ ಹರಳಿರುತ್ತದೆ, ಪಿಪೆಟ್ಟಿಗೆ ಬರುವ ದ್ರಾವಣದ ಸಾಂದ್ರತೆ ಏನೋ ಒಂದಾಗಿರುತ್ತದೆ. 25 ಡಿಗ್ರಿಯಲ್ಲಿ, ಕತ್ತಲಲ್ಲಿ, ಸೀಲ್ ತೆಗೆಯದೆ ಒಂದು ಗಂಟೆ ಬಿಡಿ. ಸೀಲ್ ತೆಗೆಯಬಾರದು ಎನ್ನುವುದಕ್ಕೆ ಕಾರಣವಿದೆ: ತಣ್ಣಗಿನ ಪ್ಲೇಟನ್ನು ತೆರೆದರೆ ಗಾಳಿಯ ತೇವವೆಲ್ಲ ವೆಲ್‌ಗಳ ಮೇಲೆ ಹನಿಗಟ್ಟುತ್ತದೆ, ಡಿಎಂಎಸ್‌ಒ ಅದನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಡಿಎಂಎಸ್‌ಒದಲ್ಲಿ ಜಿಡ್ಡು ಸ್ವಭಾವದ ಸಂಯುಕ್ತಗಳು ತಳಕ್ಕೆ ಇಳಿಯುತ್ತವೆ. ಒಮ್ಮೆ ಇಳಿದದ್ದು ಸುಲಭಕ್ಕೆ ಮರಳಿ ಕರಗುವುದಿಲ್ಲ. ಮಂಗಳೂರಿನಂಥ ಊರಿನಲ್ಲಿ ಮಳೆಗಾಲದಲ್ಲಿ ಈ ಕೆಲಸ ಮಾಡುವವರು ಡೀಹ್ಯುಮಿಡಿಫೈಯರ್ ಹಾಕಿಕೊಳ್ಳುವುದು ಒಳ್ಳೆಯದು. ಕರಗಿದ ಮೇಲೆ ಸೀಲ್ ಇದ್ದಂತೆಯೇ ಪ್ಲೇಟನ್ನು 200 ಜಿ ಸುಮಾರಿನಲ್ಲಿ ಎರಡು ನಿಮಿಷ ತಿರುಗಿಸಿ. ಸಾಗಣೆಯಲ್ಲಿ ಅಲ್ಲಾಡಿ ಸೀಲ್‌ಗೆ ಅಂಟಿದ ಹನಿಯೆಲ್ಲ ಕೆಳಗಿಳಿಯಲಿ. ಇಲ್ಲದಿದ್ದರೆ ಸೀಲ್ ಎಳೆಯುವಾಗ ಪಕ್ಕದ ವೆಲ್‌ಗೆ ಹಾರುತ್ತದೆ. 10 ಮೈಕ್ರೋಲೀಟರ್‌ನಲ್ಲಿ ಒಂದು ಹನಿ ಹೋದರೂ ದೊಡ್ಡ ನಷ್ಟ.

ಮಾಸ್ಟರ್ ಪ್ಲೇಟನ್ನು ಒಮ್ಮೆ ಮಾತ್ರ ತೆರೆಯಿರಿ. ಅದೇ ದಿನ ಪ್ರತಿ ವೆಲ್‌ಗೆ 90 ಮೈಕ್ರೋಲೀಟರ್ ಒಣ ಡಿಎಂಎಸ್‌ಒ ಹಾಕಿ, ಏಳೆಂಟು ಸಲ ನಿಧಾನವಾಗಿ ಎಳೆದು ಬಿಟ್ಟು, 1 ಮಿಲಿಮೋಲಾರ್ ಮಾಡಿ. ಅದನ್ನು ತಲಾ 10 ಮೈಕ್ರೋಲೀಟರ್‌ನಂತೆ ಪಾಲಿಪ್ರೊಪಿಲೀನ್ ಪ್ಲೇಟುಗಳಿಗೆ ಹಂಚಿ, ಅಲ್ಯೂಮಿನಿಯಂ ಸೀಲ್ ಹಾಕಿ ಮೈನಸ್ 20 ಅಥವಾ ಮೈನಸ್ 80ರಲ್ಲಿಡಿ. ಹತ್ತು ಪ್ಲೇಟಿನ ಲೆಕ್ಕ ಕಾಗದದ ಮೇಲೆ ಸರಿ, ಕೈಯಲ್ಲಿ ಒಂಬತ್ತು ಬರುತ್ತದೆ. ಒಂದೊಂದು ಪ್ರಯೋಗಕ್ಕೆ ಒಂದೊಂದು ಪ್ಲೇಟು ಬಳಸಿ, ಉಳಿದದ್ದನ್ನು ಮತ್ತೆ ಫ್ರೀಜರಿಗೆ ತುರುಕಬೇಡಿ. ಅಕೌಸ್ಟಿಕ್ ಡಿಸ್ಪೆನ್ಸರ್ (ಧ್ವನಿತರಂಗದಿಂದ ಹನಿ ಚಿಮ್ಮಿಸುವ ಯಂತ್ರ) ಇರುವವರು ಮಾತ್ರ 10 ಮಿಲಿಮೋಲಾರ್ ದ್ರಾವಣವನ್ನು ದುರ್ಬಲ ಮಾಡದೆ 384-ವೆಲ್ ಲೋ ಡೆಡ್ ವಾಲ್ಯೂಮ್ ಪ್ಲೇಟಿಗೆ ವರ್ಗಾಯಿಸಿಕೊಳ್ಳಲಿ. ಅಂಥ ಎಕೋ ಯಂತ್ರದ ಒಂದು ಹನಿ 2.5 ನ್ಯಾನೋಲೀಟರ್. 20 ಹನಿ, ಅಂದರೆ 50 ನ್ಯಾನೋಲೀಟರ್, 50 ಮೈಕ್ರೋಲೀಟರ್ ಅಸ್ಸೇಗೆ ಬಿದ್ದರೆ 10 ಮೈಕ್ರೋಮೋಲಾರ್ ಆಗುತ್ತದೆ, ಡಿಎಂಎಸ್‌ಒ 0.1 ಶೇಕಡಾದಲ್ಲೇ ನಿಲ್ಲುತ್ತದೆ. ಆ ಸುಖವೇ ಬೇರೆ.

ಮಲ್ಟಿಚಾನಲ್ ಪಿಪೆಟ್ ಹಿಡಿದು ಕೂರುವವರಿಗೆ ಲೆಕ್ಕ ಹೀಗೆ. 1 ಮಿಲಿಮೋಲಾರ್ ದ್ರಾವಣದ 2 ಮೈಕ್ರೋಲೀಟರನ್ನು 38 ಮೈಕ್ರೋಲೀಟರ್ ಮೀಡಿಯಂಗೆ (ಜೀವಿ ಬೆಳೆಸುವ ದ್ರವಕ್ಕೆ) ಹಾಕಿದರೆ 50 ಮೈಕ್ರೋಮೋಲಾರ್, ಡಿಎಂಎಸ್‌ಒ 5 ಶೇಕಡಾ. ಅದರಿಂದ 10 ಮೈಕ್ರೋಲೀಟರ್ ತೆಗೆದು 90 ಮೈಕ್ರೋಲೀಟರ್ ಜೀವಕೋಶ ಇರುವ ವೆಲ್‌ಗೆ ಹಾಕಿದರೆ 5 ಮೈಕ್ರೋಮೋಲಾರ್, ಡಿಎಂಎಸ್‌ಒ 0.5 ಶೇಕಡಾ. 40 ಮೈಕ್ರೋಲೀಟರ್‌ನಲ್ಲಿ ಮೂರು ರೆಪ್ಲಿಕೇಟ್ (ಅದೇ ಅಳತೆಯ ಪುನರಾವರ್ತನೆ) ಆರಾಮಾಗಿ ಆಗುತ್ತದೆ. ಇಲ್ಲಿ ತಪ್ಪುವುದು ನಡುವಿನ ಹಂತ. 50 ಮೈಕ್ರೋಮೋಲಾರ್ ಮೀಡಿಯಂನಲ್ಲಿ ಹಲವು ಸಂಯುಕ್ತಗಳು ನಿಲ್ಲಲಾರವು. ಅರ್ಧ ಗಂಟೆ ಬಿಟ್ಟು ನೋಡಿದರೆ ತಳದಲ್ಲಿ ತೆಳುವಾದ ಮಬ್ಬು ಕಟ್ಟಿರುತ್ತದೆ. ಈ ಪ್ಲೇಟನ್ನು ಮಾಡಿ ಊಟಕ್ಕೆ ಹೋಗುವ ಹಾಗಿಲ್ಲ. ಮಾಡಿದ ಕೂಡಲೇ, ಪ್ರತಿ ಸಾಲಿಗೂ ಮತ್ತೊಮ್ಮೆ ಕಲಕಿ, ಹಂಚಿ ಮುಗಿಸಬೇಕು. ಇನ್ನು ಡಿಎಂಎಸ್‌ಒ 0.5 ಶೇಕಡಾವನ್ನು ನಿಮ್ಮ ಜೀವಿ ತಡೆದುಕೊಳ್ಳುತ್ತದೆಯೇ ಎಂಬುದನ್ನು ಪೆಟ್ಟಿಗೆ ಬರುವ ಮೊದಲೇ 0.1ರಿಂದ 2 ಶೇಕಡಾವರೆಗೆ ನೋಡಿಟ್ಟುಕೊಳ್ಳಿ. ಮೈಕೋಬ್ಯಾಕ್ಟೀರಿಯಾ ಸಾಮಾನ್ಯವಾಗಿ 1 ಶೇಕಡಾಕ್ಕೂ ಜಗ್ಗುವುದಿಲ್ಲ, ಸಸ್ತನಿ ಜೀವಕೋಶಗಳು ಅಷ್ಟು ಗಟ್ಟಿಯಲ್ಲ.

ಪ್ಲೇಟಿನ ವಿನ್ಯಾಸದ ಬಗ್ಗೆ ಒಂದು ಮೆಚ್ಚುಗೆ, ಒಂದು ತಕರಾರು. ಪ್ರತಿ ಪ್ಲೇಟಿನ 1 ಮತ್ತು 12ನೇ ಕಾಲಂ ಖಾಲಿ ಬಿಟ್ಟಿದ್ದಾರೆ, ಹೋಲಿಕೆಗೆ ಬೇಕಾದ ಕಂಟ್ರೋಲ್ ಹಾಕಿಕೊಳ್ಳಲು. ನಾಲ್ಕು ಪ್ಲೇಟನ್ನು ಒಂದು 384-ವೆಲ್ ಪ್ಲೇಟಿಗೆ ಹೆಣೆದರೆ ಆ ಖಾಲಿ ಜಾಗಗಳು ಅಚ್ಚುಕಟ್ಟಾಗಿ 1, 2, 23, 24ನೇ ಕಾಲಂಗಳಾಗುತ್ತವೆ: 320 ಸಂಯುಕ್ತ, 64 ಕಂಟ್ರೋಲ್ ವೆಲ್. ಚೆನ್ನಾಗಿದೆ. ಆದರೆ ಐದನೆಯ ಪ್ಲೇಟಿಗಾಗಿ ಇನ್ನೊಂದು 384 ಪ್ಲೇಟನ್ನೇ ಮುಕ್ಕಾಲು ಖಾಲಿ ಓಡಿಸಬೇಕು. ಅದಕ್ಕಿಂತ ದೊಡ್ಡ ತೊಂದರೆ, ಕಂಟ್ರೋಲ್ ಎಲ್ಲ ಅಂಚಿಗೇ ಬಂದು ಕೂರುವುದು. 37 ಡಿಗ್ರಿಯಲ್ಲಿ 72 ಗಂಟೆ ಇಟ್ಟ ಪ್ಲೇಟಿನಲ್ಲಿ ಮೊದಲು ಆವಿಯಾಗುವುದು ಅಂಚಿನ ವೆಲ್‌ಗಳು. ಅಲ್ಲಿ ಬೆಳವಣಿಗೆ ಕುಗ್ಗಿದರೆ ನಿಮ್ಮ ನೂರು ಶೇಕಡಾ ಬೆಳವಣಿಗೆಯ ಅಳತೆಗೋಲೇ ಕುಗ್ಗಿತು, ಒಳಗಿನ ಸಂಯುಕ್ತಗಳೆಲ್ಲ ಇರುವುದಕ್ಕಿಂತ ದುರ್ಬಲವಾಗಿ ಕಾಣತೊಡಗುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ ಅದರೊಳಗೆ ಪ್ಲೇಟಿಡುವುದು ಕನಿಷ್ಠ ಉಪಾಯ. ಜಾಗವಿದ್ದರೆ 1 ಮತ್ತು 24ನೇ ಕಾಲಂಗೆ ಬರೀ ನೀರು ತುಂಬಿಸಿ, 2 ಮತ್ತು 23ನೆಯದರಲ್ಲಿ ಪಾಸಿಟಿವ್ (ಔಷಧದಿಂದ ಕೊಂದದ್ದು), ನೆಗೆಟಿವ್ (ಔಷಧವಿಲ್ಲದೆ ಬೆಳೆದದ್ದು) ಎರಡನ್ನೂ ಒಂದು ಬಿಟ್ಟು ಒಂದು ಹಾಕಿ. ಎಡಕ್ಕೆಲ್ಲ ನೆಗೆಟಿವ್, ಬಲಕ್ಕೆಲ್ಲ ಪಾಸಿಟಿವ್ ಇಟ್ಟರೆ ಎಡಬಲ ವ್ಯತ್ಯಾಸ ಯಾವುದು, ಔಷಧದ ಪರಿಣಾಮ ಯಾವುದು ಎಂದು ಬೇರ್ಪಡಿಸಲು ಆಗುವುದೇ ಇಲ್ಲ.

ಈಗ ಆ 26ರ ವಿಷಯ. ಪ್ಲೇಟಿನಲ್ಲಿ ಇವು ಎಂಎಂವಿ ಸಂಖ್ಯೆ ಹೊತ್ತು ಉಳಿದವುಗಳ ಜೊತೆಯೇ ಕೂತಿರುತ್ತವೆ. ಪ್ಲೇಟ್ ಮ್ಯಾಪ್ ನೋಡದೆ ಸ್ಕ್ರೀನ್ ಮಾಡಿ, ಹಿಟ್‌ಗಳ (ಪರಿಣಾಮ ತೋರಿದ ಸಂಯುಕ್ತಗಳ) ಪಟ್ಟಿ ಬರೆದು, ಆಮೇಲೆ ಮ್ಯಾಪ್ ತೆರೆಯಿರಿ. ಸಿಗಬೇಕಾದವು ಸಿಕ್ಕಿವೆಯೇ, ಸಿಗಬಾರದವು ಸಿಕ್ಕಿವೆಯೇ? ಶಾಲಾ ಪರೀಕ್ಷೆಗೆ ಬರುವ ಫ್ಲೈಯಿಂಗ್ ಸ್ಕ್ವಾಡ್‌ನ ಹಾಗೆ, ಹೇಳದೆ ಕೇಳದೆ ಬಂದು ನೋಡುವ ಪರೀಕ್ಷಕರು ಇವು.

ಕ್ಷಯದ ಅಸ್ಸೇ ತೆಗೆದುಕೊಳ್ಳಿ. ಜೈವಿಕ ಸುರಕ್ಷತೆಯ ಮೂರನೇ ಹಂತದ ಲ್ಯಾಬ್ ಇಲ್ಲದವರು ಕ್ಷಯಾಣು ಮೈಕೋಬ್ಯಾಕ್ಟೀರಿಯಂ ಟ್ಯೂಬರ್‌ಕ್ಯುಲೋಸಿಸ್ ಬದಲು ಅದರ ಬಂಧುವಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಬಳಸುತ್ತಾರೆ. ಅದರ ಮೇಲೆ ಡೆಲಾಮನಿಡ್ ಎಂಬ ಕ್ಷಯದ ಔಷಧ ಕೆಲಸ ಮಾಡುವುದಿಲ್ಲ. ಅದು ಪ್ರೊಡ್ರಗ್, ಅದನ್ನು ಚುರುಕುಗೊಳಿಸುವ ಕಿಣ್ವದ ಕೆಲಸ ಸ್ಮೆಗ್ಮಾಟಿಸ್‌ನಲ್ಲಿ ಆಗುವುದಿಲ್ಲ. ರಿಫಾಂಪಿಸಿನ್ ಕೂಡ ಕೈಕೊಡಬಹುದು. 5 ಮೈಕ್ರೋಮೋಲಾರ್ ಎಂದರೆ ಮಿಲಿಲೀಟರಿಗೆ ಸುಮಾರು 4 ಮೈಕ್ರೋಗ್ರಾಂ. ರಿಫಾಂಪಿಸಿನ್ನನ್ನೇ ರೂಪಾಂತರಿಸಿ ನಿಷ್ಕ್ರಿಯಗೊಳಿಸುವ ಕಿಣ್ವ ಸ್ಮೆಗ್ಮಾಟಿಸ್‌ನಲ್ಲಿ ಇರುವುದರಿಂದ ಅಷ್ಟು ಸಾಲದೇ ಹೋಗುತ್ತದೆ. ಹಾಗಾಗಿ ಇವೆರಡು ಬಾರದಿದ್ದರೆ ಅಸ್ಸೇ ಕೆಟ್ಟಿದೆ ಎಂದಲ್ಲ, ಸ್ಮೆಗ್ಮಾಟಿಸ್ ಕ್ಷಯಾಣುವಿನ ಬದಲಿಗೆ ನಿಲ್ಲಲಾರದ ಜಾಗ ಯಾವುದು ಎಂದು ಗೊತ್ತಾಯಿತು. ಆದರೆ ಬೆಡಾಕ್ವಿಲಿನ್ ಬರಲೇಬೇಕು. ಅದೂ ಬಾರದಿದ್ದರೆ ಎರಡು ಕಡೆ ಹುಡುಕಿ. ಒಂದು, ಪ್ಲೇಟ್: ಬೆಡಾಕ್ವಿಲಿನ್ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ, ದ್ರಾವಣದಲ್ಲಿ ಉಳಿಯುವುದು ಕಡಿಮೆ. ಇನ್ನೊಂದು, ಸಮಯ: ಅದು ನಿಧಾನಕ್ಕೆ ಕೊಲ್ಲುವ ಔಷಧ. ಎಟಿಪಿ (ಜೀವಕೋಶದ ಶಕ್ತಿಯ ಅಣು) ಅಳೆಯುವ ಅಸ್ಸೇಯಲ್ಲಿ ಬೇಗ ಕಾಣುತ್ತದೆ, ಏಕೆಂದರೆ ಅದರ ಗುರಿಯೇ ಎಟಿಪಿ ತಯಾರಿಸುವ ಕಿಣ್ವ ಎಟಿಪಿ ಸಿಂಥೇಸ್. ಸಾವನ್ನು ಎಣಿಸುವ ಅಸ್ಸೇಯಲ್ಲಿ ಕಾಯಬೇಕು.

ಕ್ಲೋಫಾಜಿಮಿನ್ ಇನ್ನೊಂದು ಒಳ್ಳೆಯ ಪಾಠ. ರೆಸಾಜುರಿನ್ ಎಂಬ ಬಣ್ಣ ಬಳಸುವ ಅಸ್ಸೇಯಲ್ಲಿ ನೀಲಿ ಉಳಿದರೆ ಜೀವಿ ಸತ್ತಿದೆ, ಗುಲಾಬಿಯಾದರೆ ಬದುಕಿದೆ ಎಂದು ಓದುತ್ತೇವೆ. ಕ್ಲೋಫಾಜಿಮಿನ್ ಸ್ವತಃ ಕೆಂಪು ಬಣ್ಣದ್ದು. ಬರಿಗಣ್ಣಿಗೆ ಆ ವೆಲ್ ನೇರಳೆ-ಗುಲಾಬಿಯಾಗಿ ಕಾಣುತ್ತದೆ, ಸಕ್ರಿಯ ಔಷಧವನ್ನು ನಿಷ್ಕ್ರಿಯ ಎಂದು ಬರೆದುಬಿಡುತ್ತೀರಿ. 530-560 ನ್ಯಾನೋಮೀಟರ್‌ನಲ್ಲಿ ಉದ್ದೀಪಿಸಿ 590ರಲ್ಲಿ ಫ್ಲೋರೆಸೆನ್ಸ್ ಓದಿ. ಜೊತೆಗೆ ಜೀವಿಯೇ ಇಲ್ಲದ, ಸಂಯುಕ್ತ ಮತ್ತು ಮೀಡಿಯಂ ಮಾತ್ರ ಇರುವ ಒಂದು ಪ್ಲೇಟನ್ನೂ ಅದೇ ರೀತಿ ಓದಿ. ಈ ಖಾಲಿ ಪ್ಲೇಟಿಗೆ ಸಂಯುಕ್ತದ ಒಂದು ಭಾಗ ಖರ್ಚಾಗುತ್ತದೆ ಎಂದು ಜಿಪುಣತನ ಮಾಡುವವರೇ ಹೆಚ್ಚು. ತಾನೇ ರೆಸಾಜುರಿನ್ನನ್ನು ಅಪಕರ್ಷಿಸುವ ಸಂಯುಕ್ತ, ತಾನೇ ಹೊಳೆಯುವ ಸಂಯುಕ್ತ, ಎರಡೂ ಅಲ್ಲೇ ಸಿಕ್ಕಿಬೀಳುತ್ತವೆ.

ಮಲೇರಿಯಾದ ರಕ್ತಹಂತದ ಅಸ್ಸೇಯಲ್ಲಿ ಮೆಫ್ಲೊಕ್ವಿನ್ ಢಾಳಾಗಿ ಕಾಣಬೇಕು. ಪ್ರೈಮಾಕ್ವಿನ್ 1 ಮೈಕ್ರೋಮೋಲಾರ್‌ನಲ್ಲಿ ಕಾಣಬಾರದು. ಯಕೃತ್ತಿನಲ್ಲಿ ರೂಪಾಂತರಗೊಂಡ ಮೇಲೆಯೇ ಅದಕ್ಕೆ ಬಲ. ಅದು ಜೋರಾಗಿ ಹಿಟ್ ಆಗಿ ಬಂದರೆ ಸಾಂದ್ರತೆಯ ಲೆಕ್ಕ ಎಲ್ಲೋ ತಪ್ಪಿದೆ. ಡಾಕ್ಸಿಸೈಕ್ಲಿನ್‌ನಂತೆ ಪರಾವಲಂಬಿಯ ಎಪಿಕೋಪ್ಲಾಸ್ಟ್ ಎಂಬ ಕಣಾಂಗವನ್ನು ಹಾಳುಮಾಡುವ ಸಂಯುಕ್ತಗಳು 48 ಗಂಟೆಯಲ್ಲಿ ಏನೂ ಮಾಡಿದಂತೆ ಕಾಣುವುದಿಲ್ಲ. ಕೊಲ್ಲುವುದು ಎರಡನೇ ಚಕ್ರದಲ್ಲಿ, 96 ಗಂಟೆಗೆ. ಆ ಬಗೆಯ ಗುರಿ ನಿಮಗೆ ಬೇಕಿದ್ದರೆ ಅಸ್ಸೇಯ ಅವಧಿಯನ್ನೇ ಬದಲಿಸಬೇಕು. ಡೈಇಥೈಲ್‌ಕಾರ್ಬಮಜಿನ್ ಕಥೆ ಇನ್ನೂ ಸ್ವಾರಸ್ಯ. ಕಲಬುರಗಿ, ಯಾದಗಿರಿ ಕಡೆ ಆನೆಕಾಲು ರೋಗಕ್ಕೆ ಮನೆಮನೆಗೆ ಹೋಗಿ ನುಂಗಿಸುವ ಡಿಇಸಿ ಮಾತ್ರೆ ಇದೇ. ಮನುಷ್ಯನೊಳಗೆ ಕೆಲಸ ಮಾಡುವ ಈ ಔಷಧ ಪ್ಲೇಟಿನ ಹುಳುವಿನ ಮೇಲೆ ಹೆಚ್ಚೇನೂ ಮಾಡುವುದಿಲ್ಲ. ಶರೀರದ ರೋಗನಿರೋಧಕ ವ್ಯವಸ್ಥೆಯ ನೆರವಿಲ್ಲದೆ ಅದು ಸಪ್ಪೆ. ಫೀನೋಟೈಪಿಕ್ (ಇಡೀ ಜೀವಿಯ ಮೇಲೆ ಹಾಕಿ ನೋಡುವ) ಸ್ಕ್ರೀನಿಂಗ್ ಎಂಥ ಔಷಧವನ್ನು ಎಂದೂ ಹಿಡಿಯಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕಿಣ್ವದ ಅಸ್ಸೇ ಮಾಡುವವರಿಗೆ ಎಚ್ಚರಿಕೆಯ ಗಂಟೆ ಸುರಾಮಿನ್. ಆರು ಸಲ್ಫೋನೇಟ್ ಗುಂಪು ಹೊತ್ತ ಈ ದೊಡ್ಡ ಅಣು ಕಂಡಕಂಡ ಪ್ರೋಟೀನಿಗೆ ಅಂಟುತ್ತದೆ. ಅದು ಹಿಟ್ ಆಗಿ ಬಂದರೆ ಸಂಭ್ರಮಿಸಬೇಡಿ. ಹಾಗೆಯೇ ಗುಂಪುಗಟ್ಟಿ ಉಂಡೆಯಾಗಿ ಕಿಣ್ವವನ್ನು ಸುತ್ತಿಕೊಳ್ಳುವ ಸಂಯುಕ್ತಗಳಿವೆ. ಬಫರಿಗೆ 0.01 ಶೇಕಡಾ ಟ್ರೈಟಾನ್ ಎಕ್ಸ್-100 ಸೇರಿಸಿ ಮತ್ತೆ ನೋಡಿದರೆ ಅಂಥವುಗಳ ಬಲ ಕರಗಿಹೋಗುತ್ತದೆ. ಆರಾನೋಫಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಚಿನ್ನದ ಪರಮಾಣು ಇರುವ ಈ ಸಂಧಿವಾತದ ಔಷಧ ಎದುರಿಗೆ ಬಂದ ಬಹಳಷ್ಟು ಬಗೆಯ ಜೀವಿಗಳನ್ನು ಕೊಲ್ಲುತ್ತದೆ.

ಹಿಟ್ ಯಾವುದೆಂದು ತೀರ್ಮಾನಿಸುವಾಗ ಈ ಪೆಟ್ಟಿಗೆ ಒಂದು ಕಡೆ ಎಡವಿಸುತ್ತದೆ. ಸಾಮಾನ್ಯ ದೊಡ್ಡ ಲೈಬ್ರರಿಯಲ್ಲಿ ಬಹುತೇಕ ವೆಲ್‌ಗಳು ನಿಷ್ಕ್ರಿಯ. ಹಾಗಾಗಿ ಪ್ಲೇಟಿನ ಎಲ್ಲ ಸಂಯುಕ್ತಗಳ ಸರಾಸರಿ ತೆಗೆದು, ಅದರಿಂದ ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್ ಆಚೆ ಇರುವುದನ್ನು ಹಿಟ್ ಎನ್ನುವ ರೂಢಿ ಅಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಇವು ಮೊದಲೇ ರೋಗಾಣುಗಳ ಮೇಲೆ ಗೆದ್ದು ಬಂದವು, ನಿಮ್ಮ ಪ್ಲೇಟಿನಲ್ಲಿ ಹತ್ತಾರು ಹಿಟ್ ಇರಬಹುದು. ಅವೇ ಸರಾಸರಿಯನ್ನು ಕೆಳಕ್ಕೆ ಎಳೆದು, ಡೀವಿಯೇಶನ್ನನ್ನು ಹಿಗ್ಗಿಸಿ, ತಮ್ಮನ್ನು ತಾವೇ ಮರೆಮಾಡಿಕೊಳ್ಳುತ್ತವೆ. ಸಾಲು-ಕಾಲಂ ಮಧ್ಯಾಂಕ ಬಳಸುವ ಬಿ-ಸ್ಕೋರ್‌ಗೂ ಇದೇ ಗತಿ. ಕಂಟ್ರೋಲ್‌ಗಳ ಆಧಾರದ ಮೇಲೆ ಶೇಕಡಾವಾರು ತಡೆ ಲೆಕ್ಕ ಹಾಕಿ. ಅದಕ್ಕೆ ಕಂಟ್ರೋಲ್ ಗಟ್ಟಿಯಾಗಿರಬೇಕು, ಅದನ್ನು ಅಳೆಯಲು ಝೆಡ್-ಪ್ರೈಮ್ ಇದೆ: ಎರಡೂ ಕಂಟ್ರೋಲ್‌ಗಳ ಡೀವಿಯೇಶನ್ ಕೂಡಿ, ಮೂರರಿಂದ ಗುಣಿಸಿ, ಸರಾಸರಿಗಳ ಅಂತರದಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ. ಬೆಳವಣಿಗೆಯ ಕಂಟ್ರೋಲ್ 10,000, ಡೀವಿಯೇಶನ್ 600. ಕೊಂದ ಕಂಟ್ರೋಲ್ 1,000, ಡೀವಿಯೇಶನ್ 150 ಎಂದಿಟ್ಟುಕೊಂಡರೆ 0.75 ಬರುತ್ತದೆ. ಅಂಚಿನ ಆವಿಯಿಂದ ಆ 600 ಬರೀ 1,500 ಆದರೆ 0.45ಕ್ಕೆ ಕುಸಿಯುತ್ತದೆ. 0.5ಕ್ಕಿಂತ ಕೆಳಗಿನ ಪ್ಲೇಟನ್ನು ಎಸೆದು ಮತ್ತೆ ಮಾಡುವುದೇ ಸರಿ. ಸರಾಸರಿ ಝೆಡ್-ಪ್ರೈಮ್ ಮಾತ್ರ ವರದಿ ಮಾಡಿ ಕೆಟ್ಟ ಪ್ಲೇಟನ್ನು ಒಳಗೆ ತೂರಿಸುವ ಪ್ರಬಂಧಗಳನ್ನು ಅನುಮಾನದಿಂದಲೇ ಓದಬೇಕು.

ಹಿಟ್ ಪಟ್ಟಿ ನೋಡಿ ದ್ರಾಕ್ಷಿ, ದಾಳಿಂಬೆ ಬೆಳೆಯುವ ಮನೆಯಿಂದ ಬಂದವರು ನಗಬಹುದು. ಅಜಾಕ್ಸಿಸ್ಟ್ರೋಬಿನ್, ಡೈಫೆನಕೊನಜೋಲ್ ಇಲ್ಲಿವೆ, ತೋಟಕ್ಕೆ ಹೊಡೆಯುವ ಅದೇ ಶಿಲೀಂಧ್ರನಾಶಕಗಳು. ಟಾಲ್ಫೆನ್‌ಪೈರಾಡ್ ಎಂಬ ಕೀಟನಾಶಕವೂ ಇದೆ. ಕುರಿ ಮೇಕೆಗಳ ಹೊಟ್ಟೆಯ ಹಿಮಾಂಕಸ್ ಹುಳುವಿನ ಮೇಲೆ ಅದು ಪ್ರಬಲ ಎಂದು 2016ರಲ್ಲಿ ಈ ಪೆಟ್ಟಿಗೆಯಿಂದಲೇ ಕಂಡುಕೊಂಡರು. ಇವುಗಳಲ್ಲಿ ಹೆಚ್ಚಿನವು ಮೈಟೊಕಾಂಡ್ರಿಯಾದ ಉಸಿರಾಟದ ಸರಪಳಿಯನ್ನು ಕತ್ತರಿಸುವಂಥವು. ಹಾಗಾಗಿ ಹಲವು ಜೀವಿಗಳ ಮೇಲೆ ಕೆಲಸ ಮಾಡುವುದರಲ್ಲಿ ಆಶ್ಚರ್ಯವಿಲ್ಲ, ಮನುಷ್ಯನ ಜೀವಕೋಶ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ. ಹೆಪ್‌ಜಿ2 ಅಥವಾ ಎಚ್‌ಇಕೆ293 ಎಂಬ ಮನುಷ್ಯ ಜೀವಕೋಶಗಳ ಮೇಲೆ ನೋಡುವಾಗ ಗ್ಲೂಕೋಸ್ ತುಂಬಿದ ಮೀಡಿಯಂ ಬಳಸಿದರೆ ಕೋಶಗಳು ಮೈಟೊಕಾಂಡ್ರಿಯಾ ಇಲ್ಲದೆಯೂ ದಿನ ದೂಡುತ್ತವೆ, ವಿಷ ಕಾಣುವುದಿಲ್ಲ. ಗ್ಯಾಲಕ್ಟೋಸ್ ಮೀಡಿಯಂನಲ್ಲಿ ನೋಡಿ. ಪೆಟ್ಟಿಗೆಯ ಜೊತೆ ಬರುವ ವಿಷಕಾರಕತೆಯ ಮಾಹಿತಿ ಉಪಯುಕ್ತ, ಆದರೆ ಅದು ನಿಮ್ಮ ಪ್ರಯೋಗಕ್ಕೆ ಬದಲಿಯಲ್ಲ.

ಕೊರತೆಗಳನ್ನೂ ಹೇಳಬೇಕು. 10 ಮೈಕ್ರೋಲೀಟರ್ ತೀರಾ ಕಮ್ಮಿ: 100 ನ್ಯಾನೋಮೋಲ್, ಅಣುತೂಕ 400 ಎಂದರೆ 40 ಮೈಕ್ರೋಗ್ರಾಂ. ಮಲೇರಿಯಾ ಬಾಕ್ಸ್‌ನಲ್ಲಿ ಇದರ ಎರಡರಷ್ಟು ಕೊಡುತ್ತಿದ್ದರು. ಪ್ರಾಥಮಿಕ ಸ್ಕ್ರೀನ್, ಖಾಲಿ ಪ್ಲೇಟ್, ಆಯ್ದ ಹಿಟ್‌ಗಳ ಹತ್ತು ಹಂತದ ಡೋಸ್ ಕರ್ವ್ (ಸಾಂದ್ರತೆಗೆ ತಕ್ಕ ಪರಿಣಾಮದ ರೇಖೆ) ಆಗುವಷ್ಟರಲ್ಲಿ ತಳ ಕಾಣುತ್ತದೆ; ಇಲಿಯ ಪ್ರಯೋಗದ ಮಾತೇ ಇಲ್ಲ. ಎರಡನೆಯದು, ಹೊಸತನ. ಈ 400 ರಚನೆಗಳನ್ನು ಜಗತ್ತಿನ ನೂರಾರು ತಂಡಗಳು ಜಾಲಾಡಿವೆ. ಇದೇ ರೋಗಾಣುವಿನ ಮೇಲೆ ಇನ್ನೊಮ್ಮೆ ಹಾಕಿ ಪ್ರಬಂಧ ಬರೆಯುವುದರಲ್ಲಿ ಅರ್ಥ ಕಡಿಮೆ. ಯಾರೂ ನೋಡದ ಜೀವಿ, ಯಾರೂ ನೋಡದ ಹಂತ ನಿಮ್ಮ ಬಳಿ ಇದ್ದರೆ ಮಾತ್ರ ಹೊಸದು ಸಿಗುತ್ತದೆ. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರಗಳ ಮೇಲೆ ಕೆಲಸ ಮಾಡುವವರಿಗೆ ಎಂಎಂವಿ ಮತ್ತು ನಿರ್ಲಕ್ಷಿತ ರೋಗಗಳ ಔಷಧ ಸಂಸ್ಥೆ ಡಿಎನ್‌ಡಿಐ ಸೇರಿ ತಂದ ಪ್ಯಾಂಡೆಮಿಕ್ ರೆಸ್ಪಾನ್ಸ್ ಬಾಕ್ಸ್ ಇನ್ನೂ ಹೊಂದುತ್ತದೆ: ಅದೂ 400, ಬ್ಯಾಕ್ಟೀರಿಯಾಕ್ಕೆ 201, ವೈರಸ್‌ಗೆ 153, ಶಿಲೀಂಧ್ರಕ್ಕೆ 46. ಹಣವಿದ್ದು, ಗುರಿ ಯಾವುದೆಂದು ತಿಳಿದ ಅಣುಗಳೇ ಬೇಕೆಂದರೆ 1,280 ಸಂಯುಕ್ತಗಳ ಲೋಪ್ಯಾಕ್ ಎಂಬ ಸಂಗ್ರಹ ಖರೀದಿಸಬಹುದು.

ಹಿಟ್‌ನಿಂದ ಮುಂದಿನ ದಾರಿ ಎಷ್ಟು ಉದ್ದ ಎನ್ನಲು ಬೆಂಗಳೂರಿನದ್ದೇ ಉದಾಹರಣೆಯಿದೆ. ಆಸ್ಟ್ರಾಜೆನೆಕಾದ ಇಲ್ಲಿನ ಪ್ರಯೋಗಾಲಯ ಮುಚ್ಚುವ ಮುನ್ನ ಇಡೀ ಪರಾವಲಂಬಿಯ ಮೇಲೆ ನಡೆಸಿದ ಸ್ಕ್ರೀನಿಂಗ್‌ನಿಂದ ಟ್ರೈಅಮಿನೊಪಿರಿಮಿಡಿನ್ ಎಂಬ ಮಲೇರಿಯಾ ವಿರೋಧಿ ವರ್ಗವನ್ನು ಹೊರತೆಗೆದಿತ್ತು. ಅದರ ವಿವರ ಪ್ರಕಟವಾದದ್ದು 2015ರಲ್ಲಿ. ಎಂಎಂವಿ253 ಎಂಬ ಆ ಅಣು ಆಮೇಲೆ ಝೈಡಸ್ ಕಂಪನಿಯ ಕೈಗೆ ಹೋಗಿ ಝಡ್‌ವೈ-19489 ಎಂಬ ಹೆಸರಿನಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗೆ ಬಂತು. ಪ್ಲೇಟಿನ ಹಿಟ್ ಮತ್ತು ಆ ಹಂತದ ನಡುವೆ ವರ್ಷಗಟ್ಟಲೆ ಮೆಡಿಸಿನಲ್ ಕೆಮಿಸ್ಟ್ರಿ ಇದೆ. ನಿಮ್ಮ ತಂಡದಲ್ಲಿ ರಸಾಯನಶಾಸ್ತ್ರದವರು ಯಾರೂ ಇಲ್ಲದಿದ್ದರೆ ಪೆಟ್ಟಿಗೆಗೆ ಅರ್ಜಿ ಹಾಕುವ ಮೊದಲೇ ಒಬ್ಬರನ್ನು ಜೊತೆ ಮಾಡಿಕೊಳ್ಳಿ.

ಅರ್ಜಿ ಹಾಕುವವರು ದಾಸ್ತಾನು ಇದೆಯೇ ಎಂದು ಕೇಳಿಕೊಳ್ಳಿ. ಸಂಸ್ಥೆಯ ಸಹಿ ಬೀಳಬೇಕಾದ ಮೆಟೀರಿಯಲ್ ಟ್ರಾನ್ಸ್‌ಫರ್ ಒಪ್ಪಂದವನ್ನು ಮೊದಲೇ ಓಡಾಡಿಸಿ. ಕಚೇರಿಯ ಮೇಜಿನಿಂದ ಮೇಜಿಗೆ ಹೋಗಲು ಅದು ತೆಗೆದುಕೊಳ್ಳುವ ಸಮಯ ವಿಮಾನದ ಸಮಯಕ್ಕಿಂತ ಹೆಚ್ಚು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ವಾರಾಂತ್ಯ ಕಳೆಯದಂತೆ ಸೋಮವಾರ ಅಥವಾ ಮಂಗಳವಾರ ಬಂದಿಳಿಯುವ ಹಾಗೆ ಹೊಂದಿಸಲು ಹೇಳಿ. ಬಂದ ದಿನ ಡ್ರೈ ಐಸ್ ಉಳಿದಿದೆಯೇ ನೋಡಿ, ಫೋಟೋ ತೆಗೆದು, ಪ್ಲೇಟ್ ಸಂಖ್ಯೆ ಬರೆದಿಡಿ. ಕೊನೆಗೆ ಯಾವ ಹಿಟ್ ಉಳಿದರೂ ಅದೇ ಪ್ಲೇಟಿನ ದ್ರಾವಣದ ಮೇಲೆ ತೀರ್ಮಾನ ಮಾಡಬೇಡಿ: ಅದೇ ಸಂಯುಕ್ತವನ್ನು ಪುಡಿಯಾಗಿ ಹೊಸದಾಗಿ ತರಿಸಿ, ಎಲ್‌ಸಿ-ಎಂಎಸ್ ಎಂಬ ವಿಶ್ಲೇಷಣೆಯಲ್ಲಿ ಗುರುತು ಮತ್ತು ಶುದ್ಧತೆ ನೋಡಿ, ಡೋಸ್ ಕರ್ವ್ ಮತ್ತೆ ಎಳೆಯಿರಿ. ಎರಡೂ ಕರ್ವ್‌ಗಳ ಐಸಿ50 (ಅರ್ಧದಷ್ಟು ತಡೆಯುವ ಸಾಂದ್ರತೆ) ಮೂರು ಪಟ್ಟಿಗಿಂತ ಹೆಚ್ಚು ದೂರವಿದ್ದರೆ ಹಳೆಯ ವೆಲ್‌ನಲ್ಲಿ ಇದ್ದದ್ದು ಏನೆಂದು ಮೊದಲು ಪತ್ತೆಹಚ್ಚಬೇಕು.